ಹೆಣ್ಣು ಉದ್ಯಮಿಗೆ ಕೇಳುವ ಪ್ರಶ್ನೆಗಳು

ಹೊಸ ಕಂಪನಿ ಶುರು ಮಾಡಿದ ಇಬ್ಬರು, ಹೂಡಿಕೆದಾರರ ಮುಂದೆ ನಿಂತಿದ್ದಾರೆ ಅಂದುಕೊಳ್ಳಿ. ಒಬ್ಬರು ಗಂಡಸು, ಇನ್ನೊಬ್ಬರು ಹೆಂಗಸು. ಗಂಡಸಿಗೆ ಬರುವ ಪ್ರಶ್ನೆ: "ಹೊಸ ಗ್ರಾಹಕರನ್ನು ಹೇಗೆ ಸೆಳೀತೀರಿ? ಮುಂದೆ ಎಷ್ಟು ದೊಡ್ಡದಾಗಿ ಬೆಳೀಬೇಕು ಅಂತಿದ್ದೀರಿ?" ಹೆಂಗಸಿಗೆ ಬರುವ ಪ್ರಶ್ನೆ: "ಇರೋ ಗ್ರಾಹಕರನ್ನು ಹೇಗೆ ಉಳಿಸಿಕೊಳ್ತೀರಿ? ಹಾಕಿದ ದುಡ್ಡು ವಾಪಸ್ ಬರೋಕೆ ಎಷ್ಟು ದಿನ ಹಿಡಿಯುತ್ತೆ?" ಎರಡರಲ್ಲೂ ತಪ್ಪೇನಿಲ್ಲ. ಆದರೆ ಮೊದಲನೆಯದಕ್ಕೆ ಉತ್ತರಿಸುವಾಗ ಕನಸನ್ನು ಬಿಚ್ಚಿಡಬಹುದು. ಎರಡನೆಯದಕ್ಕೆ ಉತ್ತರಿಸುವಾಗ ಬರೀ ಸಮಜಾಯಿಷಿ ಕೊಡಬೇಕಾಗುತ್ತದೆ.

ಇಂಥ ವ್ಯತ್ಯಾಸ ನಿಜಕ್ಕೂ ಇದೆಯೇ ಎಂದು ಸಂಶೋಧಕಿ ಡಾನಾ ಕಾನ್ಜ್ ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿ ನೋಡಿದರು. ನ್ಯೂಯಾರ್ಕಿನಲ್ಲಿ ನಡೆಯುತ್ತಿದ್ದ 'ಟೆಕ್‌ಕ್ರಂಚ್ ಡಿಸ್ರಪ್ಟ್' ಎಂಬ ಸ್ಟಾರ್ಟಪ್ ಸ್ಪರ್ಧೆಯ 2010ರಿಂದ 2016ರವರೆಗಿನ ವಿಡಿಯೋಗಳನ್ನು ತೆಗೆದುಕೊಂಡು, 189 ಕಂಪನಿಗಳಿಗೆ ಕೇಳಿದ ಪ್ರಶ್ನೆಗಳನ್ನು ಒಂದೊಂದಾಗಿ ವಿಂಗಡಿಸಿದರು. ಗಂಡಸರಿಗೆ ಕೇಳಿದ ಪ್ರಶ್ನೆಗಳಲ್ಲಿ ನೂರಕ್ಕೆ 67ರಷ್ಟು ಗಳಿಕೆಯ ಬಗ್ಗೆ ಇದ್ದವು. ಹೆಂಗಸರಿಗೆ ಕೇಳಿದವುಗಳಲ್ಲಿ ನೂರಕ್ಕೆ 66ರಷ್ಟು ನಷ್ಟ ತಪ್ಪಿಸುವ ಬಗ್ಗೆ ಇದ್ದವು. ಪ್ರಶ್ನೆ ಕೇಳುತ್ತಿದ್ದವರಲ್ಲಿ ಮಹಿಳಾ ಹೂಡಿಕೆದಾರರೂ ಇದ್ದರು. ಅವರೂ ಹೀಗೇ ಕೇಳಿದ್ದರು.

ಪ್ರಶ್ನೆ ಯಾವ ಕಡೆ ವಾಲುತ್ತದೋ ಉತ್ತರವೂ ಆ ಕಡೆಗೇ ವಾಲುತ್ತದೆ. ಉಳಿಸಿಕೊಳ್ಳುವ ಬಗ್ಗೆ ಕೇಳಿದರೆ ಯಾರೇ ಆಗಲಿ ಉಳಿಸಿಕೊಳ್ಳುವ ಬಗ್ಗೆಯೇ ಮಾತಾಡುತ್ತಾರೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರಿಗೆ ಮಾತ್ರ ಅನ್ನಿಸುವುದು ಬೇರೆ: "ಈಯಮ್ಮನಿಗೆ ದೊಡ್ಡ ಕನಸಿಲ್ಲ, ಬರೀ ಹುಷಾರಾಗಿರೋದಷ್ಟೇ ಗೊತ್ತು." ಗಳಿಕೆಯ ಪ್ರಶ್ನೆಗಳೇ ಹೆಚ್ಚಾಗಿ ಬಂದ ಕಂಪನಿಗಳಿಗೆ ಮುಂದೆ ಸಿಕ್ಕ ಬಂಡವಾಳ, ಉಳಿದವರಿಗೆ ಸಿಕ್ಕಿದ್ದರ ಏಳು ಪಟ್ಟು. ನಷ್ಟದ ಪ್ರಶ್ನೆ ಬಂದಾಗಲೂ ಮಾತನ್ನು ಬೆಳವಣಿಗೆಯ ಕಡೆ ತಿರುಗಿಸಿದವರು, ಹಾಗೆ ತಿರುಗಿಸದವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಹಣ ತಂದರು.

"ಹೆಂಗಸರು ವ್ಯಾಪಾರವನ್ನು ಬೇರೆ ರೀತಿ ನಡೆಸುತ್ತಾರೆ" ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಅವರು ಎಚ್ಚರಿಕೆಯವರು, ನಾಲ್ಕು ಜನರನ್ನು ಕೇಳಿ ತೀರ್ಮಾನಿಸುವವರು, ಸಣ್ಣದಾಗಿ ಶುರು ಮಾಡುವವರು, ಪೈಪೋಟಿಗಿಂತ ಸಂಬಂಧಕ್ಕೆ ಬೆಲೆ ಕೊಡುವವರು ಅಂತೆಲ್ಲ. ಇದರಲ್ಲಿ ಸುಳ್ಳೇ ತುಂಬಿದೆ ಎಂದು ನಾನು ಹೇಳುವುದಿಲ್ಲ. ಆದರೆ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತ ಹೋದರೆ ಹೆಣ್ಣಿನ ಸ್ವಭಾವದೊಳಗೆ ಸಿಗುವುದು ಸ್ವಲ್ಪ. ಅವಳ ಸುತ್ತ ಇರುವ ಜನ, ನಿಯಮ, ಹಣದ ದಾರಿಗಳಲ್ಲಿ ಸಿಗುವುದು ಬಹಳ.

ಅಪಾಯಕ್ಕೆ ಕೈ ಹಾಕುವ ವಿಷಯವನ್ನೇ ನೋಡೋಣ. ಇದರ ಬಗ್ಗೆ ನಡೆದಿದ್ದ 150 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು 1999ರಲ್ಲಿ ಬಂತು. ಸರಾಸರಿಯಲ್ಲಿ ಗಂಡಸರೇ ಹೆಚ್ಚು ಅಪಾಯ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ಅಂತರ ಎಷ್ಟು ಸಣ್ಣದೆಂದರೆ, ಸುಮ್ನೆ ಕಣ್ಣು ಮುಚ್ಚಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ನೂರು ಜೋಡಿಗಳನ್ನು ಆರಿಸಿದರೆ, ಸುಮಾರು 54 ಜೋಡಿಗಳಲ್ಲಿ ಗಂಡಸು ಹೆಚ್ಚು ಧೈರ್ಯ ಮಾಡುತ್ತಾನೆ. ಉಳಿದ 46ರಲ್ಲಿ ಹೆಂಗಸೇ ಮುಂದೆ. ಇಷ್ಟು ಸಣ್ಣ ಅಂತರವನ್ನು ನಂಬಿ ಎದುರಿಗೆ ನಿಂತಿರುವ ಒಬ್ಬ ಉದ್ಯಮಿಯ ಬಗ್ಗೆ ತೀರ್ಪು ಕೊಡಲಾಗದು.

ಎಚ್ಚರಿಕೆ ಎಂದು ನಾವು ಕರೆಯುವುದರಲ್ಲಿ ಕಾನೂನಿನ ಪಾಲೂ ಇದೆ. ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ತನ್ನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಲು ಸಾಧ್ಯವಾಗಿದ್ದು 1965ರ ಕಾನೂನಿನ ನಂತರ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೆಂಗಸು ವ್ಯಾಪಾರಕ್ಕೆ ಸಾಲ ಪಡೆಯಬೇಕಾದರೆ ಮನೆಯ ಗಂಡಸಿನ ಸಹಿ ಬೇಕೇಬೇಕಿತ್ತು. ಅದು ಪೂರ್ತಿ ಹೋಗಿದ್ದು 1988ರಲ್ಲಿ. ಅಂದರೆ ಇಂದು ಕಂಪನಿ ನಡೆಸುತ್ತಿರುವ ಎಷ್ಟೋ ಮಹಿಳೆಯರ ತಾಯಂದಿರ ಕಾಲದ ಮಾತು. ತನ್ನ ಸಹಿಗೇ ಬೆಲೆಯಿಲ್ಲದ ಕಡೆ ಹಾಸಿಗೆ ಇದ್ದಷ್ಟೇ ಕಾಲು ಚಾಚುವುದನ್ನು ಬಿಟ್ಟು ಇನ್ನೇನು ಮಾಡಲು ಸಾಧ್ಯವಿತ್ತು?

ಪೈಪೋಟಿಯ ಬಗ್ಗೆ ನಡೆದ ಪ್ರಯೋಗ ಇನ್ನೂ ಸ್ವಾರಸ್ಯವಾಗಿದೆ. ಮ್ಯೂರಿಯಲ್ ನೀಡರ್ಲೆ ಮತ್ತು ಲಿಸೆ ವೆಸ್ಟರ್ಲುಂಡ್ ಎಂಬ ಅರ್ಥಶಾಸ್ತ್ರಜ್ಞರು ಇಬ್ಬರು ಗಂಡಸರು, ಇಬ್ಬರು ಹೆಂಗಸರಂತೆ ಗುಂಪು ಮಾಡಿ ಕೂರಿಸಿದರು. ಕೆಲಸ ಸರಳ: ಎರಡಂಕಿಯ ಐದು ಸಂಖ್ಯೆಗಳನ್ನು ಕೂಡಬೇಕು. ಕ್ಯಾಲ್ಕುಲೇಟರ್ ಇಲ್ಲ. ಐದು ನಿಮಿಷದಲ್ಲಿ ಇಂಥ ಎಷ್ಟು ಲೆಕ್ಕ ಸರಿಯಾಗುತ್ತವೋ ನೋಡೋಣ ಎಂದರು. ಒಂದು ಸುತ್ತಿನಲ್ಲಿ ಪ್ರತಿ ಸರಿ ಲೆಕ್ಕಕ್ಕೆ 50 ಸೆಂಟ್. ಇನ್ನೊಂದು ಸುತ್ತಿನಲ್ಲಿ ನಾಲ್ವರಲ್ಲಿ ಮೊದಲು ಬಂದವರಿಗೆ ಮಾತ್ರ ಪ್ರತಿ ಲೆಕ್ಕಕ್ಕೆ 2 ಡಾಲರ್, ಉಳಿದವರಿಗೆ ಏನೂ ಇಲ್ಲ. ಎರಡೂ ಸುತ್ತಿನಲ್ಲಿ ಗಂಡಸರು, ಹೆಂಗಸರು ಸರಿಸುಮಾರು ಒಂದೇ ಸಮ ಲೆಕ್ಕ ಮಾಡಿದರು. ಮೂರನೇ ಸುತ್ತಿಗೆ "ಯಾವ ರೀತಿ ಬೇಕು, ನೀವೇ ಆರಿಸಿಕೊಳ್ಳಿ" ಎಂದಾಗ ಚಿತ್ರವೇ ಬದಲಾಯಿತು. ಗಂಡಸರಲ್ಲಿ ನೂರಕ್ಕೆ 73 ಮಂದಿ ಪೈಪೋಟಿಯನ್ನೇ ಆರಿಸಿದರು, ಹೆಂಗಸರಲ್ಲಿ 35 ಮಂದಿ.

ಇದನ್ನು "ಹೆಂಗಸರು ಹಿಂಜರಿದರು" ಎಂದಷ್ಟೇ ಓದಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. "ಗುಂಪಿನಲ್ಲಿ ನಾನೇ ಮೊದಲು" ಎಂದು ನಂಬಿದ್ದ ಗಂಡಸರು ನೂರಕ್ಕೆ 75. ನಾಲ್ಕು ಜನರ ಗುಂಪಿನಲ್ಲಿ ಮೊದಲು ಬರುವವರು ಒಬ್ಬರೇ ಅಲ್ವಾ? ಹೆಂಗಸರಲ್ಲಿ ಹಾಗೆ ನಂಬಿದವರು 43. ಅವರದ್ದೂ ವಾಸ್ತವಕ್ಕಿಂತ ಜಾಸ್ತಿಯೇ, ಆದರೆ ಅಷ್ಟೊಂದು ಅಲ್ಲ. ಲೆಕ್ಕದಲ್ಲಿ ಚುರುಕಾಗಿದ್ದ ಹೆಂಗಸರು ಪೈಪೋಟಿಗೆ ಇಳಿಯದೆ ದುಡ್ಡು ಕಳೆದುಕೊಂಡರು. ಲೆಕ್ಕದಲ್ಲಿ ಹಿಂದಿದ್ದ ಗಂಡಸರು ಇಳಿದು ಕಳೆದುಕೊಂಡರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಮೊದಲನೆಯದನ್ನು ಮಾತ್ರ ತಿದ್ದಬೇಕಾದ ಕೊರತೆ ಎಂದು ಕರೆದು, ಎರಡನೆಯದನ್ನು ಧೈರ್ಯ ಎಂದು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಅತಿ ಆತ್ಮವಿಶ್ವಾಸ ಕೈ ಕಚ್ಚುವುದು ಷೇರು ಪೇಟೆಯಲ್ಲೂ ಕಾಣುತ್ತದೆ. ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಎಂಬ ಸಂಶೋಧಕರು 1991ರಿಂದ 1997ರವರೆಗೆ 35,000ಕ್ಕೂ ಹೆಚ್ಚು ಮನೆಗಳ ಖಾತೆಗಳನ್ನು ನೋಡಿದರು. ಗಂಡಸರು ಹೆಂಗಸರಿಗಿಂತ ನೂರಕ್ಕೆ 45ರಷ್ಟು ಜಾಸ್ತಿ ಕೊಂಡು ಮಾರಿದ್ದರು, ಆ ಓಡಾಟದಿಂದಲೇ ಹೆಚ್ಚು ಲಾಭ ಕಳೆದುಕೊಂಡಿದ್ದರು.

ಪೈಪೋಟಿಯ ಮನಸ್ಸು ಹುಟ್ಟಿನಿಂದ ಬಂದದ್ದೇ? ಅರ್ಥಶಾಸ್ತ್ರಜ್ಞ ಯೂರಿ ಗ್ನೀಜಿ ಮತ್ತು ಅವರ ಜೊತೆಗಾರರು ಇದನ್ನು ತಿಳಿಯಲು ಎರಡು ಸಮಾಜಗಳಿಗೆ ಹೋದರು. ಒಂದು, ತಾಂಜಾನಿಯಾದ ಮಸಾಯಿ ಜನ. ಅಲ್ಲಿ ಗಂಡಸರದ್ದೇ ಯಜಮಾನಿಕೆ. ಇನ್ನೊಂದು, ಮೇಘಾಲಯದ ಖಾಸಿ ಜನ. ಅಲ್ಲಿ ವಂಶ ತಾಯಿಯ ಕಡೆಯಿಂದ ನಡೆಯುತ್ತದೆ, ಆಸ್ತಿ ಕಿರಿಯ ಮಗಳಿಗೆ ಹೋಗುತ್ತದೆ. ಆಟ ಇಷ್ಟೇ: ದೂರದಲ್ಲಿಟ್ಟ ಬಕೆಟ್ಟಿಗೆ ಟೆನಿಸ್ ಚೆಂಡು ಎಸೆಯಬೇಕು. ಬಿದ್ದ ಪ್ರತಿ ಚೆಂಡಿಗೆ ಇಂತಿಷ್ಟು ಹಣ. ಅದು ಬೇಡ, ಎದುರಾಳಿಯನ್ನು ಸೋಲಿಸಿದರೆ ಮೂರು ಪಟ್ಟು ಕೊಡಿ ಎಂದರೆ ಅದೂ ಸರಿ. ಮಸಾಯಿ ಗಂಡಸರಲ್ಲಿ ಅರ್ಧದಷ್ಟು ಮಂದಿ, ಹೆಂಗಸರಲ್ಲಿ ನೂರಕ್ಕೆ 26 ಮಂದಿ ಪೈಪೋಟಿ ಆರಿಸಿದರು. ಖಾಸಿಗಳಲ್ಲಿ ಲೆಕ್ಕ ತಿರುಗಿತು: ಹೆಂಗಸರು 54, ಗಂಡಸರು 39. 2009ರಲ್ಲಿ ಪ್ರಕಟವಾದ ಈ ಒಂದೇ ಅಧ್ಯಯನದಿಂದ ಹುಟ್ಟು ಮತ್ತು ಬೆಳವಣಿಗೆಯ ಜಗಳ ಮುಗಿಯುವುದಿಲ್ಲ. ಆದರೆ "ಹೆಂಗಸರ ಸ್ವಭಾವವೇ ಅಷ್ಟು" ಎಂದು ಕೈ ತೊಳೆದುಕೊಳ್ಳುವವರಿಗೆ ಇದು ದೊಡ್ಡ ಅಡ್ಡಿ.

ಇನ್ನು ಮುಂದಾಳತ್ವ. ಇದರ ಬಗ್ಗೆ ಮನಶ್ಶಾಸ್ತ್ರಜ್ಞೆ ಆಲಿಸ್ ಈಗ್ಲಿ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಮಹಿಳಾ ನಾಯಕರು ಸರಾಸರಿಯಲ್ಲಿ ಸ್ವಲ್ಪ ಹೆಚ್ಚಾಗಿ ಕೈಕೆಳಗಿನವರ ಅಭಿಪ್ರಾಯ ಕೇಳುತ್ತಾರೆ, ಚೆನ್ನಾಗಿ ಮಾಡಿದವರನ್ನು ಗುರುತಿಸುತ್ತಾರೆ, ಅವರನ್ನು ಬೆಳೆಸುತ್ತಾರೆ. ಅಂತರ ಇಲ್ಲೂ ಸಣ್ಣದೇ, ಆದರೆ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಕಾರಣದ ಸುಳಿವು ಅವರ ತಂಡವೇ 1992ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿದೆ. ಒಂದೇ ರೀತಿಯ ವರ್ತನೆಯನ್ನು ಗಂಡಸಿನ ಹೆಸರಿಗೂ ಹೆಂಗಸಿನ ಹೆಸರಿಗೂ ಹಚ್ಚಿ ಜನರ ಮುಂದಿಟ್ಟ ಪ್ರಯೋಗಗಳನ್ನು ಅದು ಒಟ್ಟುಗೂಡಿಸಿತ್ತು. "ನಾನು ಹೇಳಿದ್ದನ್ನು ಮಾಡಿ" ಎಂಬ ಅಧಿಕಾರದ ಧಾಟಿಯ ನಾಯಕಿಗೆ, ಅದೇ ಧಾಟಿಯ ನಾಯಕನಿಗಿಂತ ಕಡಿಮೆ ಅಂಕ ಬಿತ್ತು. ಗಟ್ಟಿಯಾಗಿ ಮಾತಾಡಿದರೆ ಅವನು ಖಡಕ್ಕು, ಅವಳು ಜೋರು. ಹೀಗಿರುವಾಗ ಕೇಳಿ, ಒಪ್ಪಿಸಿ, ಜೊತೆಗೆ ಕರೆದುಕೊಂಡು ಹೋಗುವ ದಾರಿಯನ್ನು ಅವಳು ಹಿಡಿದರೆ ಅದರಲ್ಲಿ ಸ್ವಭಾವವೆಷ್ಟು, ಕಲಿತ ಪಾಠವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆ ದಾರಿ ಒಳ್ಳೆಯದೇ. ಅದನ್ನು ಹಿಡಿಯಲು ಗಂಡಸರಿಗೂ ಯಾರೂ ಅಡ್ಡಿ ಮಾಡಿಲ್ಲ.

ಫಲಿತಾಂಶದಲ್ಲಿ ಯಾರು ಮೇಲು? 2014ರಲ್ಲಿ 95 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಒಟ್ಟಾರೆ ವ್ಯತ್ಯಾಸವೇ ಸಿಗಲಿಲ್ಲ. ಒಂದು ವಿವರ ಮಾತ್ರ ಗಮನಿಸಬೇಕು. ಜೊತೆಗೆ ಕೆಲಸ ಮಾಡುವವರು ಅಂಕ ಕೊಟ್ಟಾಗ ಮಹಿಳೆಯರು ತುಸು ಮುಂದಿದ್ದರು. ತಮಗೆ ತಾವೇ ಅಂಕ ಕೊಟ್ಟುಕೊಂಡಾಗ ಗಂಡಸರು ಮುಂದಿದ್ದರು.

ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಸಣ್ಣ ವ್ಯಾಪಾರಗಳ ಮೇಲೆ ನಡೆದ ಸಂಶೋಧನೆ. 2000ದ ದಶಕದಲ್ಲಿ ಶ್ರೀಲಂಕಾದಲ್ಲಿ ಒಂದು ಪ್ರಯೋಗ ನಡೆಯಿತು. ಪುಟ್ಟ ವ್ಯಾಪಾರ ನಡೆಸುವವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ವಾಪಸ್ ಕೊಡಬೇಕಿಲ್ಲದ ಬಂಡವಾಳ ಕೊಟ್ಟರು. ಗಂಡಸರ ಲಾಭ ಚೆನ್ನಾಗಿ ಏರಿತು. ಹೆಂಗಸರ ಲಾಭ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಘಾನಾದಲ್ಲಿ ನಡೆದ ಇಂಥದೇ ಪ್ರಯೋಗದಲ್ಲೂ, ಅದರಲ್ಲೂ ನಗದು ಕೊಟ್ಟಾಗ, ಹೆಂಗಸರು ಹಿಂದೆಯೇ ಉಳಿದರು. ಇದನ್ನು ನೋಡಿದವರಿಗೆ ಹೆಂಗಸರಿಗೆ ವ್ಯಾಪಾರ ಬೆಳೆಸುವ ಆಸೆ ಇಲ್ಲ, ಕೌಶಲ ಸಾಲದು ಎಂದು ಅನ್ನಿಸುವುದು ಸಹಜ.

ಆದರೆ 2019ರಲ್ಲಿ ಅರ್ಥಶಾಸ್ತ್ರಜ್ಞೆಯರಾದ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಅವರ ತಂಡ ಬೇರೆ ಕಡೆಯಿಂದ ನೋಡಿತು. ಶ್ರೀಲಂಕಾ, ಘಾನಾ ಮತ್ತು ಭಾರತದ ಮಾಹಿತಿ ತೆಗೆದುಕೊಂಡು, "ಈ ಮನೆಯಲ್ಲಿ ಇನ್ನೊಂದು ವ್ಯಾಪಾರ ಇದೆಯೇ?" ಎಂದು ಕೇಳಿತು. ಬಹಳಷ್ಟು ಮನೆಗಳಲ್ಲಿ ಗಂಡನದ್ದೂ ಒಂದು ವ್ಯಾಪಾರ ಇತ್ತು. ಹೆಂಡತಿಯ ಹೆಸರಿಗೆ ಬಂದ ಹಣ ಅವನ ವ್ಯಾಪಾರಕ್ಕೆ ಹೋಗಿತ್ತು. ಅವನ ಕೆಲಸದಲ್ಲಿ ಲಾಭ ಜಾಸ್ತಿ ಎಂದು ಮನೆಯವರೇ ಸೇರಿ ತೀರ್ಮಾನಿಸಿರಬಹುದು, ಅವಳ ಮಾತು ನಡೆಯದೆಯೂ ಇರಬಹುದು. ಲೆಕ್ಕ ಬರೆಯುವವರು ಮಾತ್ರ ಅವಳ ಪುಸ್ತಕ ತೆರೆದು "ಲಾಭ ಸೊನ್ನೆ" ಎಂದು ಬರೆದುಕೊಂಡರು. ಮನೆಯಲ್ಲಿ ಇರುವುದು ಅವಳದೊಂದೇ ವ್ಯಾಪಾರವಾಗಿದ್ದಾಗ ಏನಾಯಿತು? ಅವಳಿಗೆ ಬಂದ ಲಾಭ ಗಂಡಸರ ಲಾಭಕ್ಕೆ ಸರಿಸಮ.

ವರ್ಷಗಟ್ಟಲೆ ಹೆಣ್ಣಿನ ಸಾಮರ್ಥ್ಯದ ಅಳತೆ ಎಂದು ತಿಳಿದಿದ್ದ ಅಂಕಿ, ಆ ಮನೆಯಲ್ಲಿ ಹಣ ಯಾವ ಕಡೆ ಹರಿಯಿತು ಎಂಬುದರ ಅಳತೆಯಾಗಿತ್ತು. ಯಾವ ವ್ಯಾಪಾರಕ್ಕೆ ಕೈ ಹಾಕುತ್ತಾರೆ ಎಂಬುದರಲ್ಲೂ ಇದೇ ಕಥೆ. ಉಗಾಂಡದ ಕಂಪಾಲಾದಲ್ಲಿ ಲೋಹದ ಕೆಲಸ, ವಿದ್ಯುತ್ ಕೆಲಸದಂಥ 'ಗಂಡಸರ' ಕಸುಬುಗಳಿಗೆ ದಾಟಿದ ಹೆಂಗಸರು ಅಲ್ಲಿನ ಗಂಡಸರಷ್ಟೇ ಸಂಪಾದಿಸುತ್ತಿದ್ದರು. 'ಹೆಂಗಸರ' ಕಸುಬಿನಲ್ಲೇ ಉಳಿದವರಿಗಿಂತ ಅವರ ಸಂಪಾದನೆ ಸುಮಾರು ಮೂರು ಪಟ್ಟು. ಅವರನ್ನು ಆ ದಾರಿಗೆ ತಂದವರಲ್ಲಿ ಅದೇ ಕಸುಬಿನ ಪರಿಚಯದ ಗಂಡಸರೂ ಇದ್ದರು.

ಹಾಗಾದರೆ ಏನು ಕೊಟ್ಟರೆ ಉಪಯೋಗ? ಟೋಗೋ ದೇಶದ ಲೋಮೆಯಲ್ಲಿ 1,500 ಸಣ್ಣ ಉದ್ಯಮಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರಾಟದ ಮಾಮೂಲಿ ತರಬೇತಿ. ಇನ್ನೊಂದಕ್ಕೆ ಮುಂದಾಗಿ ಯೋಚಿಸುವುದು, ಬೇರೆಯವರಿಗಿಂತ ಭಿನ್ನವಾಗಿ ಮಾಡುವುದು, ಅಡ್ಡಿ ಬಂದರೆ ಬಿಡದೆ ದಾರಿ ಹುಡುಕುವುದು ಇಂಥ ಅಭ್ಯಾಸ. ಮೂರನೆಯದಕ್ಕೆ ಏನೂ ಇಲ್ಲ. 2017ರಲ್ಲಿ ಬಂದ ಫಲಿತಾಂಶದಲ್ಲಿ ಎರಡನೇ ಗುಂಪಿನವರ ಲಾಭ ನೂರಕ್ಕೆ 30ರಷ್ಟು ಏರಿತ್ತು, ಅವರಲ್ಲಿ ಹೆಂಗಸರ ಲಾಭ 40ರಷ್ಟು. ಮಾಮೂಲಿ ತರಬೇತಿ ಹೆಂಗಸರಿಗೆ ಹೇಳಿಕೊಳ್ಳುವಂಥ ಉಪಯೋಗ ಮಾಡಿರಲಿಲ್ಲ.

ಅಹಮದಾಬಾದಿನಲ್ಲಿ 'ಸೇವಾ' ಎಂಬ ಮಹಿಳೆಯರ ಬ್ಯಾಂಕಿನ ಗ್ರಾಹಕರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟಾಗ ಸಂಶೋಧಕರು ಮಾಡಿದ ಬದಲಾವಣೆ ಇನ್ನೂ ಚಿಕ್ಕದು. ಕೆಲವರಿಗೆ ಒಬ್ಬರೇ ಬನ್ನಿ ಎಂದರು, ಕೆಲವರಿಗೆ ಗೆಳತಿಯನ್ನೂ ಕರೆದುಕೊಂಡು ಬನ್ನಿ ಎಂದರು. ಪಾಠ ಒಂದೇ. ಒಬ್ಬರೇ ಬಂದವರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಗೆಳತಿಯ ಜೊತೆ ಬಂದವರು ಮುಂದಿನ ತಿಂಗಳುಗಳಲ್ಲಿ ಹೆಚ್ಚು ಸಾಲ ತೆಗೆದುಕೊಂಡು ಅದನ್ನು ವ್ಯಾಪಾರಕ್ಕೇ ಹಾಕಿದರು. ವರ್ಷದ ನಂತರ ಅವರ ಮನೆಯ ಆದಾಯವೂ ಹೆಚ್ಚಿತ್ತು. ಮನೆಯಿಂದ ಹೊರಗೆ ಓಡಾಡಲು ಹೆಚ್ಚು ಕಟ್ಟುಪಾಡು ಇದ್ದ ಸಮುದಾಯಗಳ ಹೆಂಗಸರಲ್ಲಿ ಈ ಪರಿಣಾಮ ಜೋರಾಗಿತ್ತು. ಮಹಿಳಾ ಉದ್ಯಮಿಗಳಿಗೆಂದು ಯೋಜನೆ ಮಾಡುವ ಬ್ಯಾಂಕುಗಳು, ಸರ್ಕಾರಗಳು ಅರ್ಜಿ ನಮೂನೆಯಲ್ಲಿ ಎರಡನೇ ಹೆಸರಿಗೆ ಒಂದು ಜಾಗ ಬಿಡಲು ಹೆಚ್ಚಿನ ಖರ್ಚೇನೂ ಆಗುವುದಿಲ್ಲ.