ಭಟ್ಟರು, ಅಡಿಗರು ಮತ್ತು ಅಡುಗೆಮನೆ: ಅರ್ಥವ್ಯತ್ಯಾಸಕ್ಕೂ ಶ್ಲೇಷೆಗೂ ಒಂದು ಟಿಪ್ಪಣಿ

ಅರ್ಥವ್ಯತ್ಯಾಸಕ್ಕೆ, ಅಂದರೆ ಕಾಲ ಕಳೆದಂತೆ ಶಬ್ದದ ಅರ್ಥ ಬದಲಾಗುವುದಕ್ಕೆ, ಉದಾಹರಣೆ ಕೊಡಿ ಎಂದರೆ ನಾವೆಲ್ಲ 'ಎಣ್ಣೆ'ಯನ್ನೇ ಬರೆದು ಬರುತ್ತೇವೆ. ಎಳ್ಳಿನ ನೆಯ್ (ಜಿಡ್ಡು) ಎಂದಿದ್ದದ್ದು ಎಲ್ಲ ಬಗೆಯ ಎಣ್ಣೆಗೂ ಹೆಸರಾಯಿತು, ಅಲ್ಲಿಗೆ ಎರಡು ಅಂಕ. ಆದರೆ ಬೆಂಗಳೂರಿನ ಕಲ್ಯಾಣ ಮಂಟಪಗಳಲ್ಲಿ, ಹೋಟೆಲುಗಳಲ್ಲಿ ದಿನವೂ ಕಿವಿಗೆ ಬೀಳುವ ಇನ್ನೂ ಸೊಗಸಾದ ಉದಾಹರಣೆಗಳಿವೆ. ಮನೆತನದ ಹೆಸರೊಂದು ಅಡುಗೆಯ ಹತ್ತಿರ ಸುಳಿದ ಕೂಡಲೇ ನಮ್ಮ ಜನ ಅದರಿಂದ ಹಾಸ್ಯ ಹುಟ್ಟಿಸುತ್ತಾರೆ. ಆ ಹಾಸ್ಯವನ್ನು ಬಿಡಿಸಿ ನೋಡಿದರೆ ಒಳಗೆ ಇರುವುದು ಅಚ್ಚುಕಟ್ಟಾದ ವ್ಯಾಕರಣ. ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗಾಗಿ ಅದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು 'ಭಟ್ಟ'. ಸಂಸ್ಕೃತದ 'ಭರ್ತೃ' ಪ್ರಾಕೃತದಲ್ಲಿ ಸವೆದು ಆದ ರೂಪ ಇದು. ಒಡೆಯ, ಪೂಜ್ಯ, ವಿದ್ವಾಂಸ ಎಂಬುವು ಇದರ ಹಳೆಯ ಅರ್ಥಗಳು. 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದ ಭಟ್ಟಾಕಳಂಕನ ಹೆಸರಿನಲ್ಲಿರುವುದು ಈ ಗೌರವದ ಭಟ್ಟನೇ: ಭಟ್ಟ + ಅಕಳಂಕ, ಸವರ್ಣದೀರ್ಘ ಸಂಧಿ. ಸೈನಿಕ ಎಂಬ ಅರ್ಥದ 'ಭಟ' ಬೇರೆ ಶಬ್ದ. ಖಗೋಳಜ್ಞನ ಹೆಸರು ಆರ್ಯಭಟ, ಅಲ್ಲಿ ಒತ್ತು ಹಾಕಬಾರದು.

ವಿದ್ವಾಂಸನಾಗಿದ್ದ ಭಟ್ಟ ಸೌಟು ಹಿಡಿದದ್ದು ಹೇಗೆ? ಮದುವೆ, ಉಪನಯನ, ಶ್ರಾದ್ಧಗಳ ಮಡಿ ಅಡುಗೆಗೆ ಬ್ರಾಹ್ಮಣರೇ ಆಗಬೇಕೆಂಬ ಪದ್ಧತಿ ಇತ್ತು. ಕರಾವಳಿಯಿಂದ ಅಡುಗೆಗೆಂದು ಬಂದವರಲ್ಲಿ ಹಲವರ ಮನೆತನದ ಹೆಸರು ಭಟ್ಟ ಎಂದೇ ಇತ್ತು. 'ಭಟ್ಟರೇ' ಎಂದು ಮರ್ಯಾದೆಯಿಂದ ಕರೆಯುತ್ತ ಕರೆಯುತ್ತ ಹೆಸರು ಕಸುಬಿಗೆ ಅಂಟಿಕೊಂಡಿತು. ಇದು ಅರ್ಥಸಂಕೋಚ, ಅಂದರೆ ಅರ್ಥದ ವ್ಯಾಪ್ತಿ ಕುಗ್ಗುವುದು. ಕಥೆ ಅಲ್ಲಿಗೇ ನಿಲ್ಲಲಿಲ್ಲ. ಇಂದು ಪತ್ರಿಕೆಯಲ್ಲಿ 'ಅಡುಗೆ ಭಟ್ಟ' ಎಂದು ಅಚ್ಚಾದರೆ ಆತ ಯಾವ ಜಾತಿಯವನೂ ಆಗಿರಬಹುದು, ಯಾವ ಊರಿನವನೂ ಆಗಿರಬಹುದು. ಕುಗ್ಗಿದ ಅರ್ಥ ಮತ್ತೆ ಹಿಗ್ಗಿತು. ಒಂದೇ ಶಬ್ದದಲ್ಲಿ ಸಂಕೋಚವನ್ನೂ ವಿಸ್ತಾರವನ್ನೂ ತೋರಿಸಬಹುದಾದ್ದರಿಂದ ಉತ್ತರಪತ್ರಿಕೆಗೆ 'ಎಣ್ಣೆ'ಗಿಂತ ಇದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರಿಂದ ಹುಟ್ಟುವ ನಗೆಗೆ ಬಸವನಗುಡಿಯ ಯಾವುದಾದರೂ ಕಲ್ಯಾಣ ಮಂಟಪವನ್ನು ಕಲ್ಪಿಸಿಕೊಳ್ಳಿ. ದಕ್ಷಿಣ ಕನ್ನಡದಿಂದ ಬಂದ ಹಿರಿಯರು ಪುರೋಹಿತರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ: "ಭಟ್ಟರು ಬಂದರೇ?" ಬೆಂಗಳೂರಿನ ಬೀಗರು ನಿಶ್ಚಿಂತೆಯಿಂದ ಉತ್ತರಿಸುತ್ತಾರೆ: "ಬೆಳಗಿನ ಜಾವವೇ ಬಂದರು, ಈಗ ತೆಂಗಿನಕಾಯಿ ತುರಿಯುತ್ತಿದ್ದಾರೆ." ಹಿರಿಯರು ಗಾಬರಿಯಾಗುತ್ತಾರೆ: "ಮುಹೂರ್ತದ ಹೊತ್ತಿಗೆ ಬಿಡುವಾಗುತ್ತದೆಯೋ?" ಇಬ್ಬರೂ ಆಡಿದ್ದು ಶುದ್ಧ ಕನ್ನಡವೇ. ಕರಾವಳಿಯಲ್ಲಿ ಭಟ್ಟರು ಎಂದರೆ ಮಂತ್ರ ಹೇಳುವವರು, ಇಲ್ಲಿ ಹುಳಿಗೆ ಬೇಳೆ ಹಾಕುವವರು. ಪ್ರಾದೇಶಿಕ ಅರ್ಥಭೇದವನ್ನು ಇದಕ್ಕಿಂತ ಸುಲಭವಾಗಿ ನೆನಪಿಡುವ ದಾರಿ ನನಗೆ ಕಾಣುವುದಿಲ್ಲ.

'ಭಟ್ಟಿ ಇಳಿಸು' ಎಂಬ ಮಾತನ್ನೂ ಕೆಲವರು ಇಲ್ಲಿಗೆ ಎಳೆದು ತರುತ್ತಾರೆ. ಬೇರೆಯವರ ಬರಹವನ್ನು ನಕಲು ಮಾಡುವುದಕ್ಕೆ ಹಾಗೆನ್ನುತ್ತಾರಲ್ಲ, ಅದು. ಭಟ್ಟಿ ಎಂದರೆ ಕುಲುಮೆ, ಸಾರಾಯಿ ಕಾಯಿಸುವ ಒಲೆ. ಭಟ್ಟನಿಗೂ ಭಟ್ಟಿಗೂ ರಕ್ತಸಂಬಂಧವಿಲ್ಲ. ಆದರೂ ಭಟ್ಟ ಎಂಬ ಹೆಸರಿನ ಹುಡುಗ ಗೆಳೆಯನ ಟಿಪ್ಪಣಿ ನೋಡಿ ಬರೆದರೆ "ಭಟ್ಟರು ಭಟ್ಟಿ ಇಳಿಸಿದರು" ಎನ್ನದೆ ತರಗತಿ ಬಿಡುವುದಿಲ್ಲ. ಇಲ್ಲಿ ನಗೆ ಹುಟ್ಟುವುದು ಧ್ವನಿಸಾಮ್ಯದಿಂದ ಮಾತ್ರ.

ಈಗ 'ಅಡಿಗ'. ನಿಜವಾದ ಹಬ್ಬದೂಟ ಇಲ್ಲಿದೆ.

ಅಡಿ ಎಂದರೆ ಪಾದ. ದೇವರ ಅಡಿಗಳಲ್ಲಿ ಸೇವೆ ಮಾಡುವವನು ಅಡಿಗ ಎಂಬುದು ರೂಢಿಯ ವಿವರಣೆ. 'ಅಡಿಗೆ' ಅಥವಾ 'ಅಡುಗೆ' ಹುಟ್ಟಿದ್ದು ಬೇಯಿಸು ಎಂಬ ಅರ್ಥದ 'ಅಡು' ಧಾತುವಿನಿಂದ. ಉಡು ಎಂಬುದಕ್ಕೆ 'ಗೆ' ಸೇರಿ ಉಡುಗೆ, ತೊಡು ಎಂಬುದಕ್ಕೆ ಸೇರಿ ತೊಡುಗೆ, ಹಾಗೆಯೇ ಅಡುಗೆ. ಇದು ಕೃದಂತ ಭಾವನಾಮ, ಅಂದರೆ ಧಾತುವಿಗೆ ಕೃತ್ ಪ್ರತ್ಯಯ ಸೇರಿ ಆದ, ಕೆಲಸವನ್ನು ಹೆಸರಿಸುವ ನಾಮಪದ. ಈ ಧಾತು ಇಂದಿನ ಮಾತಿನಲ್ಲಿ ಕ್ರಿಯಾಪದವಾಗಿ ಹೆಚ್ಚು ಬಳಕೆಯಲ್ಲಿಲ್ಲ, ಗಾದೆಯಲ್ಲಿ ಮಾತ್ರ ಗಟ್ಟಿಯಾಗಿ ಕುಳಿತಿದೆ: "ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು." ಕೆಡು, ಕೆಟ್ಟ, ಸುಡು, ಸುಟ್ಟ, ಅಡು, ಅಟ್ಟ. ಇಲ್ಲಿಯ ಅಟ್ಟವನ್ನು ಮನೆಯ ಮೇಲಿನ ಅಟ್ಟ ಎಂದು ತಿಳಿದು ಗಾದೆಯನ್ನು ವಿವರಿಸುವವರಿದ್ದಾರೆ. ಅದು ಭೂತಕಾಲದ ರೂಪ ಎಂಬುದನ್ನು ದಯವಿಟ್ಟು ಗಮನಿಸಿ. ಅಡಗೂಲಜ್ಜಿಯೂ ಇದೇ ಮನೆಯವಳು: ಅಡು + ಕೂಳು, ಕಕಾರಕ್ಕೆ ಗಕಾರ ಆದೇಶ, ದಾರಿಹೋಕರಿಗೆ ಕೂಳು ಬೇಯಿಸಿ ಹಾಕುತ್ತಿದ್ದ ಅಜ್ಜಿ.

ಹಾಗಾದರೆ ಅಡಿಗ ಮತ್ತು ಅಡಿಗೆ ಮೂಲದಲ್ಲಿ ಬೇರೆ ಬೇರೆ. ಬೆಂಗಳೂರಿನಲ್ಲಿ ಅವು ಒಂದಕ್ಕೊಂದು ಗಂಟುಬಿದ್ದದ್ದು ಹೋಟೆಲಿನ ಕಾರಣದಿಂದ. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿನ ಇತಿಹಾಸ 1924ರಲ್ಲಿ ಮಯ್ಯ ಸಹೋದರರಿಂದ ಆರಂಭವಾಗುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಉರಾಳರಿಂದ ಶುರುವಾಗಿ 1970ರಲ್ಲಿ ಅಡಿಗರ ಕೈಗೆ ಬಂತು. ಮಯ್ಯ, ಉರಾಳ, ಅಡಿಗ, ಎಲ್ಲವೂ ಕರಾವಳಿಯ ಮನೆತನದ ಹೆಸರುಗಳು. ಹೀಗಾಗಿ ಈ ಊರಿನವರಿಗೆ ಅಡಿಗರು ಎಂದೊಡನೆ ಗುಡಿಗಿಂತ ಮೊದಲು ಕಾವಲಿ ನೆನಪಾಗುತ್ತದೆ. "ಬೆಳಿಗ್ಗೆ ಅಡಿಗರಲ್ಲಿ ದೋಸೆ, ಮಧ್ಯಾಹ್ನ ತರಗತಿಯಲ್ಲಿ ಅಡಿಗರು" ಎಂದು ನಮ್ಮ ವಿದ್ಯಾರ್ಥಿಗಳು ಹೇಳಿದರೆ ಮೊದಲನೆಯದರಲ್ಲಿ ಹೆಸರು ಹೋಟೆಲಿಗೆ, ಎರಡನೆಯದರಲ್ಲಿ ಕವಿ ಗೋಪಾಲಕೃಷ್ಣ ಅಡಿಗರ (1918–1992) ಕಾವ್ಯಕ್ಕೆ ನಿಲ್ಲುತ್ತದೆ. ಎರಡೂ ಲಕ್ಷ್ಯಾರ್ಥವೇ (ಸಂಬಂಧದಿಂದ ಹೊಳೆಯುವ ಅರ್ಥ), ವಾಚ್ಯಾರ್ಥವಲ್ಲ (ಶಬ್ದದ ನೇರ ಅರ್ಥ). ಕಾವ್ಯಮೀಮಾಂಸೆಯ ಪ್ರಶ್ನೆಗೂ ಈ ವಾಕ್ಯ ಒದಗುತ್ತದೆ.

ಇದರ ಮೇಲೆ ಬೆಂಗಳೂರಿನ ನಿವೇಶನದ ಭಾಷೆ ಬಂದು ಕೂಡಿತು. ಮೂವತ್ತು-ನಲವತ್ತರ ನಿವೇಶನ, 1,200 ಚದರ ಅಡಿ, "ಅಡಿಗೆ ಎಷ್ಟು?" ಎಂಬ ಮಾತನ್ನು ಕೇಳದೆ ಈ ಊರಿನಲ್ಲಿ ಬದುಕಲು ಸಾಧ್ಯವಿಲ್ಲ. ಈ 'ಅಡಿಗೆ'ಯಲ್ಲಿರುವುದು ಅಡಿ ಎಂಬ ಅಳತೆ ಮತ್ತು ಚತುರ್ಥಿ ವಿಭಕ್ತಿಯ 'ಗೆ'. ಊಟದ ಅಡಿಗೆಯಲ್ಲಿರುವುದು ಕೃತ್ ಪ್ರತ್ಯಯದ 'ಗೆ'. ಅಭ್ಯಾಸಕ್ಕೆ ಈ ವಾಕ್ಯ ಕಟ್ಟಿದ್ದೇನೆ:

"ಅಡಿಗರೇ, ಅಡಿಗೆಮನೆ ಕಟ್ಟಿಸುವುದಕ್ಕೆ ಅಡಿಗೆ ಎಷ್ಟಾಯಿತು?"

ಒಂದೇ ಉಸಿರಿನಲ್ಲಿ ಪಾದ, ಪಾಕ, ಅಳತೆ ಮೂರೂ ಬಂದವು. ಶಬ್ದವನ್ನು ಒಡೆಯದೆ ಎರಡು ಅರ್ಥ ಬಂದರೆ ಅಭಂಗ ಶ್ಲೇಷ, ಬೇರೆ ಬೇರೆಯಾಗಿ ಒಡೆದಾಗ ಬಂದರೆ ಸಭಂಗ ಶ್ಲೇಷ. "ಅಡಿಗೆ ಎಷ್ಟು?" ಎಂಬ ಪ್ರಶ್ನೆಗೆ "ನೂರು ಜನಕ್ಕೆ ಸಾಕು" ಎಂದು ಉತ್ತರ ಬಂದರೆ ಕೇಳಿದವನು ಒಡೆದದ್ದು ಒಂದು ಬಗೆ, ಉತ್ತರಿಸಿದವನು ಒಡೆದದ್ದು ಇನ್ನೊಂದು ಬಗೆ. ಸಭಂಗಕ್ಕೆ ಇದು ಹೇಳಿ ಮಾಡಿಸಿದ ಉದಾಹರಣೆ. ಬರೆಯುವಾಗ 'ಅಡುಗೆ' ಎಂದು ಬರೆದರೆ ಶ್ಲೇಷೆ ಕೆಡುತ್ತದೆ. ಎರಡು ರೂಪಗಳೂ ಶುದ್ಧವೇ, ಆದರೆ ಹಾಸ್ಯಕ್ಕೆ ಇಕಾರದ ರೂಪವೇ ಬೇಕು.

ಇಂಥ ವಿನೋದಕ್ಕೆ ಕನ್ನಡದಲ್ಲಿ ಒಳ್ಳೆಯ ಪರಂಪರೆ ಇದೆ. 1942ರಲ್ಲಿ ಬೆಂಗಳೂರಿನಲ್ಲಿ ಡಾ. ಎಂ. ಶಿವರಾಂ ಅವರ 'ಕೊರವಂಜಿ' ಮಾಸಿಕ ಆರಂಭವಾಯಿತು. ನಾ. ಕಸ್ತೂರಿಯವರ 'ಅನರ್ಥಕೋಶ'ವಂತೂ ನಿಘಂಟಿನ ವೇಷದಲ್ಲಿರುವ ಹಾಸ್ಯ. ಶಬ್ದಕ್ಕೆ ಬೇಕೆಂದೇ ಹುಸಿ ಅರ್ಥ ಕೊಡುವ ಕಲೆಯನ್ನು ಅಲ್ಲಿ ಕಲಿಯಬೇಕು.

ಅಡುಗೆಮನೆಯ ನುಡಿಗಟ್ಟುಗಳೂ ಮನೆತನದ ಹೆಸರಿನ ಜೊತೆ ಸೇರಲು ಸದಾ ಸಿದ್ಧ. ಬೇಳೆ ಬೇಯಿಸಿಕೊಳ್ಳುವುದು, ಒಗ್ಗರಣೆ ಹಾಕುವುದು, ಹುಳಿ ಹಿಂಡುವುದು, ತಲೆಯ ಮೇಲೆ ಮೆಣಸು ಅರೆಯುವುದು, ಕೆಲಸವೆಲ್ಲ ಚಿತ್ರಾನ್ನವಾಗುವುದು. ಸುದ್ದಿಗೆ ಬಣ್ಣ ಕಟ್ಟಿ ಹೇಳುವ ಸಹೋದ್ಯೋಗಿಗೆ 'ಒಗ್ಗರಣೆ ಭಟ್ಟರು' ಎಂದರೆ ಸಾಕು, ವಿವರಣೆಯೇ ಬೇಡ. ಅವರ ನಿಜವಾದ ಮನೆತನದ ಹೆಸರು ಗೌಡ ಎಂದೇ ಇದ್ದರೂ ಹೆಸರು ನಿಲ್ಲುತ್ತದೆ, ಏಕೆಂದರೆ ಇಲ್ಲಿ ಭಟ್ಟ ಎಂಬುದು ಕುಲದ ಹೆಸರಾಗಿ ಉಳಿದಿಲ್ಲ, ಕಸುಬಿನ ಹೆಸರಾಗಿದೆ. ಆದರೆ ಜಾತಿಯನ್ನು ಚುಚ್ಚುವುದಕ್ಕೆ ಇದೇ ಮಾತನ್ನು ಬಳಸಿದರೆ ಅದು ಶ್ಲೇಷೆಯೂ ಅಲ್ಲ, ಹಾಸ್ಯವೂ ಅಲ್ಲ. ಉದಾಹರಣೆ ಕೊಡುವಾಗ ಈ ಗೆರೆ ದಾಟಬೇಡಿ.

ಕೊನೆಗೆ, ಲಿಂಗದ ಪ್ರಶ್ನೆ. ಗಂಡಸು ಅಡುಗೆ ಮಾಡಿದರೆ 'ನಳಪಾಕ', ನಿಷಧದ ಅರಸನ ಹೆಸರು. ವಿರಾಟನ ಬಾಣಸಿನ ಮನೆ ಸೇರಿದ ಭೀಮ 'ವಲಲ'ನಾದ. ಕೂಲಿಗೆ ಮಾಡಿದವನು 'ಅಡುಗೆ ಭಟ್ಟ'. ಹೆಂಗಸಿಗೆ ಮಾತ್ರ 'ಅಡುಗೆಯವಳು', 'ಅಡುಗೆಯಾಕೆ' ಎಂಬ ಸಪ್ಪೆ ಸರ್ವನಾಮದ ರೂಪಗಳೇ ಗತಿ. ಭಟ್ಟ ಶಬ್ದಕ್ಕೆ ಈ ಅರ್ಥದಲ್ಲಿ ಸ್ತ್ರೀಲಿಂಗ ರೂಢಿಗೆ ಬರಲೇ ಇಲ್ಲ. ದಿನವೂ ಒಲೆಯ ಮುಂದೆ ನಿಂತವಳಿಗೆ ಹಾಸ್ಯದ ಪಾಲಿರಲಿ, ಕಸುಬಿನ ಬಿರುದೂ ಸಿಗದಿರುವುದು ನನಗೆ ನೋವಿನ ಸಂಗತಿ. 'ಭಾಷೆ ಮತ್ತು ಸಮಾಜ' ಎಂಬ ಪರೀಕ್ಷಾ ಪತ್ರಿಕೆಗೆ ಕಿರುಪ್ರಬಂಧದ ವಿಷಯ ಹುಡುಕುತ್ತಿರುವವರು ಇದನ್ನು ಎತ್ತಿಕೊಳ್ಳಬಹುದು.