ಪ್ರೈವೇಟ್ ಕಾಲೇಜಿನ ಬಿ.ಎ. ಸರ್ಕಾರಿ ನೌಕರಿಗೆ ನಡೆಯುತ್ತದೆಯೇ?

"ಸರ್, ಮಗಳದು ಪಿಯುಸಿ ಮುಗೀತು. ಇಲ್ಲೇ ಹತ್ತಿರ ಪ್ರೈವೇಟ್ ಕಾಲೇಜಿನ್ಯಾಗ ಬಿ.ಎ.ಗೆ ಹಚ್ಚಬೇಕಂತ ಮಾಡೀವಿ. ಮುಂದ ಸರ್ಕಾರಿ ನೌಕರಿಗೆ ನಡೀತದೇನ್ರೀ?"

ನಡೆಯುತ್ತದೆ. ಕಾಲೇಜು ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಸಾಕು, ಪಿಎಸ್‌ಐಗೆ ನಡೆಯುತ್ತದೆ, ಎಫ್‌ಡಿಎಗೆ (ಪ್ರಥಮ ದರ್ಜೆ ಸಹಾಯಕ ಹುದ್ದೆಗೆ) ನಡೆಯುತ್ತದೆ, ಕೆಎಎಸ್‌ಗೆ, ಐಎಎಸ್‌ಗೆ, ಬಿ.ಎಡ್.ಗೆ, ಎಂ.ಎ.ಗೆ ಎಲ್ಲದಕ್ಕೂ ನಡೆಯುತ್ತದೆ.

ವಿಜಯಪುರ ಜಿಲ್ಲೆಯ ಒಂದು ಅನುದಾನಿತ (ಸರ್ಕಾರದ ನೆರವಿರುವ ಖಾಸಗಿ) ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ್ದೇನೆ. ಕೆಲಸಕ್ಕೆ ಸೇರಿದ ವರ್ಷವೂ ಇದೇ ಪ್ರಶ್ನೆ ಕೇಳಿದ್ದರು, ನಿವೃತ್ತಿಯಾದ ವರ್ಷವೂ ಕೇಳಿದರು. ಈಗಲೂ ಪಿಯುಸಿ ರಿಸಲ್ಟ್ ಬಂತೆಂದರೆ ಇಂಡಿ, ಮುದ್ದೇಬಿಹಾಳ, ಜಮಖಂಡಿ, ರಾಯಬಾಗದ ಕಡೆಯಿಂದ ಫೋನು ಶುರು. ಉತ್ತರ ಹೇಳಿದರೆ "ಹೌದೇನ್ರೀ?" ಅಂತಾರೆ, ಆದರೆ ದನಿಯಲ್ಲಿ ನಂಬಿಕೆ ಇರುವುದಿಲ್ಲ. ಅದಕ್ಕೇ ಇದನ್ನು ಒಮ್ಮೆ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ತಪ್ಪು ತಿಳಿವಳಿಕೆ ಇರುವುದು ಒಂದೇ ಕಡೆ. ಡಿಗ್ರಿ ಕೊಡುವುದು ಕಾಲೇಜು ಅಂತ ಜನ ಅಂದುಕೊಂಡಿದ್ದಾರೆ. ಕಾಲೇಜು ಪಾಠ ಹೇಳುತ್ತದೆ, ಅಷ್ಟೇ. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಯಿತು. ಈಚೆಗೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಆಗಿದೆ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಿಂದ ಇದೆ, ಅದಕ್ಕೆ ಸೇರಿದ ಮಹಿಳಾ ಕಾಲೇಜುಗಳಿವೆ. ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ ಸರ್ಕಾರಿ ಕಾಲೇಜಿನ ಹುಡುಗನಿಗೂ ಖಾಸಗಿ ಕಾಲೇಜಿನ ಹುಡುಗನಿಗೂ ಸಿಗುವ ಸರ್ಟಿಫಿಕೇಟ್ ಒಂದೇ. ಕಾಲೇಜು ಸ್ವಾಯತ್ತವಾಗಿದ್ದರೆ ಪರೀಕ್ಷೆಯನ್ನು ತಾನೇ ನಡೆಸುತ್ತದೆ, ಆಗಲೂ ಡಿಗ್ರಿ ವಿಶ್ವವಿದ್ಯಾಲಯದ್ದೇ.

ಬೆಳಗಾವಿಯ ಲಿಂಗರಾಜ ಕಾಲೇಜನ್ನೇ ನೋಡಿ. ಕೆಎಲ್‌ಇ ಎಂಬ ಖಾಸಗಿ ಸಂಸ್ಥೆ ಅದನ್ನು 1933ರಲ್ಲಿ ಶುರು ಮಾಡಿತು. ಆಗ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರೂ ಜಿಲ್ಲೆಗಳ ಬಹುಭಾಗ ಮುಂಬೈ ಪ್ರಾಂತದಲ್ಲಿತ್ತು. ಹಾಗಾಗಿ ಅಲ್ಲಿ ಓದಿದವರಿಗೆ ಮುಂಬೈ ವಿಶ್ವವಿದ್ಯಾಲಯದ ಡಿಗ್ರಿ ಬಂತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಸರ್ಟಿಫಿಕೇಟ್ ಧಾರವಾಡದಿಂದ ಬರತೊಡಗಿತು. 2010ರ ನಂತರ ರಾಣಿ ಚನ್ನಮ್ಮ. ಅಜ್ಜ, ಮಗ, ಮೊಮ್ಮಗಳು ಮೂವರೂ ಆ ಒಂದೇ ಕಾಲೇಜಿನಲ್ಲಿ ಕಲಿತ ಮನೆಯಿದ್ದರೆ, ಅಲ್ಲಿ ಮೂರು ವಿಶ್ವವಿದ್ಯಾಲಯಗಳ ಡಿಗ್ರಿ ಇರುತ್ತವೆ. ಕಾಲೇಜು ಖಾಸಗಿ ಎಂಬ ಕಾರಣಕ್ಕೆ ಮೂರರಲ್ಲಿ ಒಂದೂ ಕಡಿಮೆಯದಲ್ಲ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ನನಗೆ ಕಂಡಂತೆ "ಪ್ರೈವೇಟ್" ಎಂಬ ಪದದಿಂದಲೇ. ಕಾಲೇಜಿಗೆ ಹೋಗದೆ ಹೊರಗಿನಿಂದ ಪರೀಕ್ಷೆ ಬರೆದವರನ್ನು ನಮ್ಮ ಕಡೆ "ಪ್ರೈವೇಟಾಗಿ ಕಟ್ಟಿದ" ಅಂತಾರೆ. ಬೇರೆ ರಾಜ್ಯದ ಯಾವುದೋ ವಿಶ್ವವಿದ್ಯಾಲಯದ ಹೆಸರು ಹೇಳಿಕೊಂಡು ಎರಡು ಕೋಣೆಯಲ್ಲಿ ಸ್ಟಡಿ ಸೆಂಟರ್ ತೆರೆದವರಿಂದ ಮೋಸ ಹೋದವರೂ ಇದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಅದನ್ನು ತಂದು ನೂರು ವರ್ಷದ ಸಂಘಗಳು ಕಟ್ಟಿದ ಕಾಲೇಜಿಗೆ ಅಂಟಿಸಬಾರದು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರದು. ವಿಜಯಪುರದ ಬಿಎಲ್‌ಡಿಇ ಸಂಸ್ಥೆ 1910ರದು, ಅದನ್ನು ಕಟ್ಟಿದವರು ವಚನಗಳನ್ನು ಊರೂರು ಅಲೆದು ಕೂಡಿಸಿದ ಫ.ಗು. ಹಳಕಟ್ಟಿಯವರು. ಈ ಭಾಗಕ್ಕೆ ಕಾಲೇಜು ಬಂದಿದ್ದೇ ಹೆಚ್ಚಾಗಿ ಇಂಥ ಸಂಘಗಳಿಂದ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ಇನ್ನೊಂದು ಗೊಂದಲ. ಕೆಎಲ್‌ಇ, ಬಿಎಲ್‌ಡಿಇ ಎರಡಕ್ಕೂ ತಾವೇ ಡಿಗ್ರಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯಗಳಿವೆ. ಅವು ಮೆಡಿಕಲ್ ಕಡೆಯವು. ಅದೇ ಸಂಸ್ಥೆಯ ಬಿ.ಎ. ಕಾಲೇಜು ಬೇರೆ ಲೆಕ್ಕ, ಅದರ ಡಿಗ್ರಿ ಮೇಲೆ ಹೇಳಿದಂಥ ಸರ್ಕಾರಿ ವಿಶ್ವವಿದ್ಯಾಲಯದ್ದೇ.

ಇಷ್ಟಾದರೂ ಸಮಾಧಾನ ಆಗಲಿಲ್ಲವೇ? ಆ ಕಾಲೇಜಿನಲ್ಲೇ ಕಳೆದ ವರ್ಷ ಓದಿದ ಹುಡುಗರ ಮಾರ್ಕ್ಸ್‌ಕಾರ್ಡ್ ನೋಡಿ. ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ? ಪ್ರವೇಶದ ಅರ್ಜಿ ಯುಯುಸಿಎಂಎಸ್‌ನಲ್ಲಿ (ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್) ಹಾಕಿಸುತ್ತಾರಾ ಅಂತ ಕೇಳಿ. ಐದು ನಿಮಿಷದ ಕೆಲಸ. ಸ್ಕಾಲರ್‌ಶಿಪ್ಪಿಗೂ ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಬಹುದು, ಖಾಸಗಿ ಕಾಲೇಜು ಅಂತ ಬಿಡಬೇಡಿ.

ನನಗೆ ನಿಜವಾಗಿ ಬೇಸರ ಆಗುವುದು ಬೇರೆ ವಿಷಯಕ್ಕೆ. ಡಿಗ್ರಿ ನಡೀತದೋ ಇಲ್ಲೋ ಅಂತ ಹತ್ತು ಸಲ ಕೇಳುವ ಪಾಲಕರು, ಯಾವ ಕಾಂಬಿನೇಷನ್ ತಗೋಬೇಕು ಅಂತ ಒಂದು ಸಲವೂ ಕೇಳುವುದಿಲ್ಲ. ಗೆಳತಿ ತಗೊಂಡಳು ಅಂತ ಮಗಳೂ ಅದನ್ನೇ ತಗೋತಾಳೆ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಸೇರುವಾಗಲೇ ಆರಿಸುವ ವಿಷಯಗಳು ಕೊನೆಯವರೆಗೂ ಬೆನ್ನಿಗಿರುತ್ತವೆ. ಹೈಸ್ಕೂಲು ಶಿಕ್ಷಕರ ನೇಮಕಾತಿಯಲ್ಲಿ ಡಿಗ್ರಿಯಲ್ಲಿ ಏನು ಓದಿದ್ದೀರಿ ಅಂತ ನೋಡುತ್ತಾರೆ. ಕನ್ನಡ ಟೀಚರ್ ಆಗಬೇಕು ಎನ್ನುವವಳು ಬರೀ ಬೇಸಿಕ್ ಕನ್ನಡ (ಭಾಷಾ ಪತ್ರಿಕೆ) ಓದಿದರೆ ಸಾಲದು, ಮುಖ್ಯ ವಿಷಯವಾಗಿ ಓದುವ ಐಚ್ಛಿಕ ಕನ್ನಡ ಬೇಕು. ಬಿ.ಎ. ಮೂರನೇ ವರ್ಷದಲ್ಲಿ ಇದು ಗೊತ್ತಾಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅತ್ತ ಹುಡುಗಿಯರನ್ನು ನಾನು ನೋಡಿದ್ದೇನೆ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಆಮೇಲೆ, ಆ ವಿಷಯಕ್ಕೆ ಕಾಲೇಜಿನಲ್ಲಿ ಕಾಯಂ ಅಧ್ಯಾಪಕರು ಇದ್ದಾರಾ ಅಂತ ಕೇಳಿ. ಅನುದಾನಿತ ಕಾಲೇಜಿನಲ್ಲಿ ಮಂಜೂರಾದ ಹುದ್ದೆಗೆ ಸರ್ಕಾರ ಸಂಬಳ ಕೊಡುತ್ತದೆ. ಆದರೆ ಒಬ್ಬರು ನಿವೃತ್ತರಾದರೆ ಆ ಜಾಗ ತುಂಬುವುದಕ್ಕೆ ಬಹಳ ವರ್ಷ ಹಿಡಿಯುತ್ತದೆ.

ಒಮ್ಮೆ ಇಂಡಿ ಕಡೆಯ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದಿದ್ದರು. ಅವರು ಫೀ ಕೇಳಿದರು, ಡಿಗ್ರಿ ನಡೆಯುತ್ತದೆಯೇ ಎಂದು ಕೇಳಿದರು. ಸುಮ್ಮನೆ ನಿಂತಿದ್ದ ಹುಡುಗಿ ಕೊನೆಗೆ ಕೇಳಿದಳು, "ಸರ್, ನಿಮ್ಮಲ್ಲಿ ಭೂಗೋಳ ಐತೇನ್ರೀ?" ನಮ್ಮಲ್ಲಿ ಇರಲಿಲ್ಲ. ಭೂಗೋಳ ಇದ್ದ ಇನ್ನೊಂದು ಕಾಲೇಜಿನ ಹೆಸರು ಚೀಟಿಯಲ್ಲಿ ಬರೆದುಕೊಟ್ಟೆ. ಆ ಮಧ್ಯಾಹ್ನದ ಬಸ್ಸಿಗೇ ಇಬ್ಬರೂ ಅಲ್ಲಿಗೆ ಹೋದರು.