ತಪ್ಪು ಉತ್ತರವೇ ಇಲ್ಲದ ಪ್ರಶ್ನೆಪತ್ರಿಕೆ

2006ರ ಏಪ್ರಿಲ್ 4ರಂದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಡರಮ್ ನಗರದ ಪೊಲೀಸರು ಒಬ್ಬ ಯುವತಿಗೆ ಪರದೆಯ ಮೇಲೆ ಒಂದೊಂದಾಗಿ 46 ಫೋಟೊ ತೋರಿಸಿದರು. ಅಷ್ಟೂ ಫೋಟೊ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ತಂಡದ ಹುಡುಗರದ್ದು. ಲಕ್ರಾಸ್ ಎಂದರೆ ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ; ಅಲ್ಲಿ ಅದು ಬಹುಮಟ್ಟಿಗೆ ಉಳ್ಳವರ ಮಕ್ಕಳ ಆಟ. ಮೂರು ವಾರಗಳ ಹಿಂದೆ ತಂಡದವರು ಒಂದು ಮನೆಯಲ್ಲಿ ಪಾರ್ಟಿ ಮಾಡಿ, ನೃತ್ಯಕ್ಕೆಂದು ಇಬ್ಬರು ಯುವತಿಯರನ್ನು ಕರೆಸಿದ್ದರು. ತನ್ನ ಮೇಲೆ ಅಲ್ಲಿ ಅತ್ಯಾಚಾರ ನಡೆಯಿತು ಎಂದು ಅವರಲ್ಲೊಬ್ಬಳು ದೂರು ಕೊಟ್ಟಿದ್ದಳು. ಆಕೆ ಕಪ್ಪು ವರ್ಣದವಳು, ಆಟಗಾರರು ಬಿಳಿಯರು. ಫೋಟೊ ನೋಡಿ ಆಕೆ ಗುರುತಿಸಿದವರಲ್ಲಿ ಮೂವರ ಮೇಲೆ ಮೊಕದ್ದಮೆ ಹೂಡಲಾಯಿತು.

ಈ ಪ್ರಕರಣದ ಬಗ್ಗೆ ಬರೆಯುವವರೆಲ್ಲ ವರ್ಣ, ವರ್ಗ, ರಾಜಕೀಯ ಎನ್ನುತ್ತಾರೆ. ನನಗೆ ಮಾತ್ರ ಆ 46 ಫೋಟೊಗಳೇ ಮುಖ್ಯ. ಯಾಕೆಂದರೆ ಅಲ್ಲಿ ನಡೆದದ್ದು ಪರೀಕ್ಷೆಯೇ ಅಲ್ಲ.

ನಮ್ಮಲ್ಲಿ ಗುರುತು ಪತ್ತೆ ಪೆರೇಡ್ ಎನ್ನುತ್ತೇವಲ್ಲ, ಅದರಲ್ಲಿ ಆರೋಪಿಯ ಜೊತೆ ಅವನನ್ನೇ ಹೋಲುವ, ಘಟನೆಗೆ ಸಂಬಂಧವೇ ಇಲ್ಲದ ಕೆಲವರನ್ನು ನಿಲ್ಲಿಸುತ್ತಾರೆ. ಅವರು ನಿಲ್ಲುವುದು ಬರೀ ಶಾಸ್ತ್ರಕ್ಕಲ್ಲ. ಸಾಕ್ಷಿಯ ನೆನಪು ಮಸುಕಾಗಿದ್ದರೆ ಆಕೆಯ ಊಹೆ ಅವರಲ್ಲಿ ಯಾರ ಮೇಲಾದರೂ ಬೀಳುತ್ತದೆ, ತಪ್ಪಾಗಿದೆ ಎಂದು ಪೊಲೀಸರಿಗೆ ಆ ಕ್ಷಣವೇ ತಿಳಿಯುತ್ತದೆ. ಒಬ್ಬ ಆರೋಪಿ, ಐವರು ಅಮಾಯಕರು ಇದ್ದರೆ ಕುರುಡು ಊಹೆ ಆರೋಪಿಯ ಮೇಲೆ ಬೀಳುವ ಸಾಧ್ಯತೆ ಆರರಲ್ಲಿ ಒಂದು. ಡರಮ್‌ನಲ್ಲಿ ಹಾಗೆ ತಂಡದ ಹೊರಗಿನವರ ಫೋಟೊ ಒಂದೂ ಇರಲಿಲ್ಲ. ಪಾರ್ಟಿಯಲ್ಲಿದ್ದರೆಂದು ನಾವು ನಂಬಿರುವವರ ಫೋಟೊಗಳಿವು ಎಂದು ಮೊದಲೇ ಹೇಳಿಯೂ ಆಗಿತ್ತು. ನಾಲ್ಕು ಆಯ್ಕೆಗಳಲ್ಲಿ ಯಾವುದಕ್ಕೆ ಗುರುತು ಹಾಕಿದರೂ ಅಂಕ ಸಿಗುವ ಸಿಇಟಿ ಪ್ರಶ್ನೆಪತ್ರಿಕೆಯನ್ನು ಊಹಿಸಿಕೊಳ್ಳಿ. ಅದರಲ್ಲಿ ಪೂರ್ಣ ಅಂಕ ಪಡೆದವನ ಜ್ಞಾನದ ಬಗ್ಗೆ ನಮಗೆ ಏನು ತಿಳಿದಂತಾಯಿತು? ಒಬ್ಬ ಆಟಗಾರನನ್ನು ನೋಡಿ ಆಕೆ, ಮೀಸೆ ಇದ್ದಿದ್ದರೆ ಇವನೇ, ಶೇಕಡಾ 90ರಷ್ಟು ಖಚಿತ ಎಂಬರ್ಥದ ಮಾತು ಹೇಳಿದಳು. ಆ ಹುಡುಗನಿಗೆ ಮೀಸೆಯೇ ಇರಲಿಲ್ಲ. ಆದರೂ ಅದು ಗುರುತು ಎಂದೇ ದಾಖಲಾಯಿತು.

ನೆನಪು ಕ್ಯಾಮೆರಾದಂತೆ ಕೆಲಸ ಮಾಡುತ್ತದೆ ಎಂಬ ನಂಬಿಕೆ ವಿದ್ಯಾವಂತರಲ್ಲೂ ಹೋಗಿಲ್ಲ. ಗ್ಯಾರಿ ವೆಲ್ಸ್ ಎಂಬ ಮನೋವಿಜ್ಞಾನಿ 1993ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಸುಮಾರು 200 ಜನರ ಕಣ್ಣೆದುರು ಒಂದು ಅಣಕು ಅಪರಾಧ ನಡೆಸಿ, ಆಮೇಲೆ ಫೋಟೊ ಸಾಲು ತೋರಿಸಿದರು. ಅಪರಾಧಿ ಇದರಲ್ಲಿ ಇಲ್ಲದೆಯೂ ಇರಬಹುದು ಎಂದು ಎಲ್ಲರಿಗೂ ಎಚ್ಚರಿಸಿದ್ದರು. ಅವನ ಫೋಟೊ ಇದ್ದಾಗ ಶೇ 54 ಮಂದಿ ಅವನನ್ನೇ ಆರಿಸಿದರು, ಶೇ 21 ಮಂದಿ ಯಾರನ್ನೂ ಆರಿಸಲಿಲ್ಲ. ಇನ್ನರ್ಧ ಜನರಿಗೆ ಅವನ ಫೋಟೊ ತೆಗೆದು ಉಳಿದವನ್ನಷ್ಟೇ ತೋರಿಸಿದರು. ನೆನಪು ನಿಜಕ್ಕೂ ಕೆಲಸ ಮಾಡುತ್ತಿದ್ದರೆ ಆ 54 ಈ 21ಕ್ಕೆ ಸೇರಿ, ನಾಲ್ವರಲ್ಲಿ ಮೂವರು "ಇವರಲ್ಲಿ ಯಾರೂ ಅಲ್ಲ" ಎನ್ನಬೇಕಿತ್ತು. ಹಾಗೆಂದವರು ಶೇ 32 ಮಾತ್ರ. ಮಿಕ್ಕವರು ಬೇರೆ ಯಾರತ್ತಲೋ, ಅವರಲ್ಲಿ ಹೆಚ್ಚಿನವರು ಅಪರಾಧಿಯನ್ನು ಹೆಚ್ಚು ಹೋಲುವ ಇನ್ನೊಬ್ಬನತ್ತ ಬೆರಳು ತೋರಿಸಿದರು. ಅಂದರೆ ನಮ್ಮ ಮಿದುಳು "ಇವನೇನಾ?" ಎಂದು ಕೇಳುವುದಿಲ್ಲ, "ಇವರಲ್ಲಿ ಯಾರು ಹೆಚ್ಚು ಹೋಲುತ್ತಾರೆ?" ಎಂದು ಕೇಳಿಕೊಳ್ಳುತ್ತದೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಯಾವಾಗಲೂ ಸಿಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹೇಳಿದವರು ಯಾವ ಪ್ರಯೋಗಾಲಯಕ್ಕೂ ಹೋದವರಲ್ಲ.

ಈ ಪಾಠವನ್ನು ನಾರ್ತ್ ಕೆರೊಲಿನಾ ದುಬಾರಿ ಬೆಲೆ ತೆತ್ತು ಕಲಿತಿತ್ತು. 1984ರಲ್ಲಿ ಅದೇ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ದಾಳಿಯ ನಡುವೆಯೂ ಆಕೆ ಅವನ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿಕೊಂಡಿದ್ದಳು. ಫೋಟೊದಲ್ಲಿ, ಪೆರೇಡ್‌ನಲ್ಲಿ, ನ್ಯಾಯಾಲಯದಲ್ಲಿ ರೊನಾಲ್ಡ್ ಕಾಟನ್ ಎಂಬಾತನನ್ನೇ ತೋರಿಸಿದಳು. 1995ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅಪರಾಧಿ ಬೇರೆಯವನು ಎಂದು ತಿಳಿಯಿತು. ಕಾಟನ್ ಅಷ್ಟರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ. ಆಕೆ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಮರೆಯಬಾರದು. ಮುಂದೆ ರಾಜ್ಯದಲ್ಲಿ ಆಯೋಗ ಕೂತು ಗುರುತು ಪತ್ತೆಗೆ ನಿಯಮಗಳನ್ನು ಶಿಫಾರಸು ಮಾಡಿತು. ಒಬ್ಬ ಶಂಕಿತನಿಗೆ ಕನಿಷ್ಠ ಐವರು ಅಮಾಯಕರು, ಫೋಟೊ ತೋರಿಸುವವರು ತನಿಖೆಯಿಂದ ಹೊರಗಿನವರು ಎಂಬ ನಿಯಮವನ್ನು ಡರಮ್ ಪೊಲೀಸರು ಅಳವಡಿಸಿಕೊಂಡದ್ದು 2006ರ ಫೆಬ್ರವರಿಯಲ್ಲಿ. ಮುರಿದದ್ದು ಏಪ್ರಿಲ್‌ನಲ್ಲಿ!

ಡಿಎನ್‌ಎ ಕಥೆ ಚಿಕ್ಕದು. ರಾಜ್ಯದ ಪ್ರಯೋಗಾಲಯಕ್ಕೆ ಆಟಗಾರರೊಂದಿಗೆ ಹೊಂದಿಕೆ ಸಿಗಲಿಲ್ಲ. ಖಾಸಗಿ ಪ್ರಯೋಗಾಲಯವೊಂದು ಗಂಡಸರಲ್ಲಷ್ಟೇ ಇರುವ ವೈ ಕ್ರೋಮೊಸೋಮ್ ಹಿಡಿದು ಹುಡುಕಿತು. ಹಲವು ಗಂಡಸರ ಕುರುಹು ಸಿಕ್ಕಿತು, ಅವರಲ್ಲಿ ಒಬ್ಬನೂ ತಂಡದವನಲ್ಲ. ವರದಿಯಲ್ಲಿ ಈ ವಿಷಯವೇ ಇರಲಿಲ್ಲ. ಪ್ರತಿವಾದಿ ವಕೀಲರು ಕಚ್ಚಾ ದಾಖಲೆಗಳ ರಾಶಿಯನ್ನು ಸ್ವತಃ ಓದಿ ಅದನ್ನು ಹೊರತೆಗೆದರು. ಮೊಕದ್ದಮೆ ನಡೆಸುತ್ತಿದ್ದ ಪ್ರಾಸಿಕ್ಯೂಟರ್ ಮೈಕ್ ನೈಫಾಂಗ್ ಆಗ ಚುನಾವಣೆ ಎದುರಿಸುತ್ತಿದ್ದ ಅಭ್ಯರ್ಥಿ; ಅಲ್ಲಿ ಆ ಹುದ್ದೆಗೆ ಮತದಾರರೇ ಆರಿಸುತ್ತಾರೆ. 2007ರ ಏಪ್ರಿಲ್ 11ರಂದು ರಾಜ್ಯದ ಅಟಾರ್ನಿ ಜನರಲ್ ರಾಯ್ ಕೂಪರ್ ಆರೋಪ ಕೈಬಿಟ್ಟು, ಮೂವರೂ ನಿರ್ದೋಷಿಗಳು ಎಂದರು. ಡಿಎನ್‌ಎ ವಿಷಯ ಮುಚ್ಚಿಟ್ಟದ್ದೂ ಸೇರಿದಂತೆ ಹಲವು ತಪ್ಪುಗಳಿಗೆ ಜೂನ್‌ನಲ್ಲಿ ನೈಫಾಂಗ್‌ಗೆ ವಕೀಲಿಯೇ ಹೋಯಿತು. ತಾನು ಸುಳ್ಳು ಹೇಳಿದ್ದೆ ಎಂದು ದೂರುದಾರೆ ಒಪ್ಪಿಕೊಂಡದ್ದು 2024ರಲ್ಲಿ.

ಆ ನಡುವೆ ಊರು ಏನು ಮಾಡಿತು? ಪಾತ್ರೆ ಬಡಿಯುತ್ತ ಆ ಮನೆಯ ಮುಂದೆ ಸೇರಿತು. ಆಟಗಾರರ ಫೋಟೊಗಳಿದ್ದ ಪೋಸ್ಟರ್ ಹಂಚಿತು. ಕೋಚ್ ರಾಜೀನಾಮೆ ಕೊಟ್ಟರು, ಆ ಋತುವಿನ ಪಂದ್ಯಗಳು ರದ್ದಾದವು, 88 ಅಧ್ಯಾಪಕರು ವಿದ್ಯಾರ್ಥಿ ಪತ್ರಿಕೆಯಲ್ಲಿ ಪ್ರತಿಭಟನೆಗೆ ಬೆಂಬಲವಾಗಿ ಜಾಹೀರಾತು ಕೊಟ್ಟರು. ಆಟಗಾರರು ಬಾಯಿ ಬಿಡದಿದ್ದರೆ ಮುಚ್ಚಿಡುತ್ತಿದ್ದಾರೆ ಎಂದಾಯಿತು, ಬಾಯಿ ಬಿಟ್ಟರೆ ಸುಳ್ಳು ಎಂದಾಯಿತು. ಡಿಎನ್‌ಎ ಸಿಗದಿದ್ದರೆ ಎಚ್ಚರ ವಹಿಸಿದ್ದಾರೆ ಎಂದಾಯಿತು. ಜನರ ಕೈಯಲ್ಲಿದ್ದದ್ದೂ ಅದೇ ಪ್ರಶ್ನೆಪತ್ರಿಕೆ. ಅವರನ್ನು ಮೂರ್ಖರೆಂದು ನಾನು ಹೇಳಲಾರೆ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸರ ದೂರುಗಳಿಗೆ ಆದ ಗತಿಯ ಇತಿಹಾಸ ಸುಳ್ಳಲ್ಲ. ಆದರೆ ಇತಿಹಾಸ ಒಂದು ನಿರ್ದಿಷ್ಟ ರಾತ್ರಿಯ ಸಾಕ್ಷ್ಯವಾಗುವುದಿಲ್ಲ.

ಈಗ ಡ್ಯೂಕ್ ಹೆಸರು ಹಿಡಿದು ಎಲ್ಲ ದೂರುಗಳನ್ನೂ ಸುಳ್ಳೆನ್ನುವವರಿದ್ದಾರೆ. ಅವರ ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುವ ಉತ್ತರ ಬೇರೆ, ಅಷ್ಟೇ. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈಜುಗಾರ ಬ್ರಾಕ್ ಟರ್ನರ್ ಪ್ರಜ್ಞೆಯಿಲ್ಲದ ಯುವತಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗುತ್ತಿದ್ದುದನ್ನು ಕಂಡು, ಅವನನ್ನು ಹಿಡಿದದ್ದು ಸೈಕಲ್‌ನಲ್ಲಿ ಹೋಗುತ್ತಿದ್ದ ಇಬ್ಬರು ಸ್ವೀಡಿಷ್ ವಿದ್ಯಾರ್ಥಿಗಳು. ಜ್ಯೂರಿ ಮೂರೂ ಆರೋಪಗಳಲ್ಲಿ ತಪ್ಪಿತಸ್ಥ ಎಂದಿತು. ಶಿಕ್ಷೆ ಆರು ತಿಂಗಳು, ಜೈಲಿನಲ್ಲಿ ಕಳೆದದ್ದು ಮೂರು. ಸುದ್ದಿಯಲ್ಲಿ ಅವನ ಈಜಿನ ದಾಖಲೆಗಳೂ ಬಂದವು. ಸಿಟ್ಟಿಗೆದ್ದ ಮತದಾರರು 2018ರಲ್ಲಿ ಆ ನ್ಯಾಯಾಧೀಶರನ್ನೇ ಮನೆಗೆ ಕಳಿಸಿದರು.

ಕಾಲೇಜು ಆಟಗಾರರ ವಿಷಯದಲ್ಲಿ ಪಕ್ಷಪಾತ ಕಣ್ಣಿಗೇ ಇಳಿಯುತ್ತದೆ ಎಂಬುದಕ್ಕೆ ಹಳೆಯ ಪುರಾವೆಯಿದೆ. 1951ರ ನವೆಂಬರ್‌ನಲ್ಲಿ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ನಡುವೆ ಒರಟಾದ ಫುಟ್‌ಬಾಲ್ ಪಂದ್ಯ ನಡೆಯಿತು. ಒಬ್ಬನ ಮೂಗು, ಇನ್ನೊಬ್ಬನ ಕಾಲು ಮುರಿಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಸಂಶೋಧಕರು ಎರಡೂ ಕಾಲೇಜಿನವರಿಗೆ ಅದರ ಒಂದೇ ಫಿಲ್ಮ್ ತೋರಿಸಿ, ತಪ್ಪಾಟಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡದ ತಪ್ಪುಗಳು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಸರಾಸರಿ 9.8 ಕಂಡವು, ಡಾರ್ಟ್‌ಮತ್‌ನವರಿಗೆ 4.3. ದೂರದ ಊರಿನಲ್ಲಿದ್ದ ಡಾರ್ಟ್‌ಮತ್‌ನ ಹಳೆಯ ವಿದ್ಯಾರ್ಥಿಗಳಿಗೂ ಆ ಫಿಲ್ಮ್ ಕಳಿಸಲಾಗಿತ್ತು. ಅವರಲ್ಲೊಬ್ಬರು ನೋಡಿ, ತಾವು ಕೇಳಿದ್ದ ತಮ್ಮ ತಂಡದ ತಪ್ಪುಗಳು ಕಾಣದೆ ತಂತಿ ಕಳಿಸಿದರು: ಮುಖ್ಯ ಭಾಗವನ್ನೆಲ್ಲ ಕತ್ತರಿಸಿದಂತಿದೆ, ಉಳಿದ ತುಂಡನ್ನು ವಿಮಾನ ಅಂಚೆಯಲ್ಲಿ ಕಳಿಸಿ, ಅಂಟಿಸುವ ಉಪಕರಣ ನಮ್ಮಲ್ಲೇ ಇದೆ.